ಹುಣಸೆ ಬೀಜದ ಅಂಟೇ ಹಿಡಿಯಿತು: ಕಿನ್ನಾಳದ ಹಳೆ ತೊಟ್ಟಿಲು, ಕುರ್ಚಿ ರಿಪೇರಿಯ ನನ್ನ ಅನುಭವ

ಎರಡು ಮಳೆಗಾಲ, ಎರಡು ಬೇಸಿಗೆ ಕಳೆದವು. ನಾನು ರಿಪೇರಿ ಮಾಡಿದ ಕುಕನೂರಿನ ತೊಟ್ಟಿಲಿನ ಗಿಳಿಗಳ ಮೇಲಿಂದ ಒಂದು ಚಕ್ಕೆ ಬಣ್ಣವೂ ಉದುರಿಲ್ಲ. ಹೋದ ವಾರ ಹೋಗಿ ಬೆರಳಿನಿಂದ ತಟ್ಟಿ ತಟ್ಟಿ ನೋಡಿ ಬಂದೆ. ಎಲ್ಲೂ ಟೊಳ್ಳು ಸದ್ದು ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ "ಒಂದು ಮಳೆಗಾಲ ಹೋಗಲಿ, ಆಮೇಲೆ ಮಾತಾಡು" ಅನ್ನುವವರೇ ಜಾಸ್ತಿ ಇದ್ದರು.

ನಾನು ಕೊಪ್ಪಳದವನು. ಬಡಿಗತನ ನಮ್ಮ ಮನೆಯ ಕೆಲಸ. ಅಪ್ಪ ಬಾಗಿಲು, ಕಿಟಕಿ, ಎತ್ತಿನ ಬಂಡಿ ಮಾಡುತ್ತಿದ್ದರು. ನಾನು ಹತ್ತು ಹನ್ನೆರಡು ವರ್ಷಗಳಿಂದ ಹಳೆ ಸಾಮಾನಿನ ರಿಪೇರಿಗೆ ಬಿದ್ದಿದ್ದೇನೆ. ಅದರಲ್ಲೂ ಕಿನ್ನಾಳದ ಒಬ್ಬ ಚಿತ್ರಗಾರ ಅಜ್ಜ ಮಾಡಿದ ಮಕ್ಕಳ ಸಾಮಾನು ಅಂದರೆ ನನಗೆ ಊಟ ನಿದ್ದೆ ಬೇಡ. ಅಜ್ಜ ಈಗಿಲ್ಲ. ಅವರ ಮನೆಯವರು ಹೆಸರು ಹಾಕಬೇಡ ಅಂದಿದ್ದಾರೆ, ಹಾಕುತ್ತಿಲ್ಲ.

ಕಿನ್ನಾಳದ ಗರುಡ, ಗೌರಿ, ಬೊಂಬೆ ಎಲ್ಲರಿಗೂ ಗೊತ್ತು, ಆ ಊರಿನದೇ ಕೆಲಸ ಅನ್ನುವ ಜಿಐ ಗುರುತೂ ಸಿಕ್ಕಿದೆ. ಆದರೆ ಈ ಅಜ್ಜನ ಕೈ ಒಂದೇ ಕೆಲಸಕ್ಕೆ ನಿಂತದ್ದಲ್ಲ. ಗುಡಿಗೆ ಗರುಡ ವಾಹನ ಮಾಡಿದರು. ತೇರಿನ ಬೊಂಬೆಗೆ ಬಣ್ಣ ಹಾಕಿದರು. ನಾಟಕ ಕಂಪನಿಯವರು ಬಂದರೆ ಅರಮನೆ, ಕಾಡು, ಬೀದಿ ಅಂತ ಪರದೆ ಬರೆದುಕೊಟ್ಟರು. ಮೊಹರಂ ಬಂದರೆ ಡೋಲಿಯ ಕೆಲಸಕ್ಕೂ ಅವರನ್ನೇ ಕರೆಯುತ್ತಿದ್ದರಂತೆ. ಇಷ್ಟೆಲ್ಲದರ ನಡುವೆ ಮಿಕ್ಕ ಮರದಲ್ಲಿ ಮಕ್ಕಳಿಗೆ ತೊಟ್ಟಿಲು, ಪುಟ್ಟ ಕುರ್ಚಿ, ಊಟದ ಮಣೆ, ಮೂರು ಗಾಲಿಯ ನಡೆಗಾಡಿ. ಯಾರದೋ ಮನೆಯಲ್ಲಿ ಹೆರಿಗೆಯಾದರೆ ಜೋಳದ ಚೀಲಕ್ಕೆ ಒಂದು ತೊಟ್ಟಿಲು, ಹಾಗೆ ಲೆಕ್ಕ. ನಾನು ಇಲ್ಲಿವರೆಗೆ ಅವರ ಕೈಯ ಹನ್ನೊಂದು ಸಾಮಾನು ನೋಡಿದ್ದೇನೆ. ಏಳು ನನ್ನ ಕೈಯಲ್ಲೇ ಹಾದು ಹೋಗಿವೆ.

ಅವರ ಕೆಲಸ ಗುರುತಿಸುವುದು ನನಗೀಗ ಕಷ್ಟವಿಲ್ಲ. ಗಿಳಿ ಯಾವಾಗಲೂ ಕತ್ತು ಹಿಂದಕ್ಕೆ ತಿರುಗಿಸಿ ಮಗುವಿನ ಕಡೆ ನೋಡುತ್ತದೆ. ಕಣ್ಣಿಗೆ ಎರಡು ಗೆರೆ, ಹೊರಗಿನ ಗೆರೆ ಕೂದಲಿನಷ್ಟು ಸಣ್ಣ. ಕುರ್ಚಿಯ ಬೆನ್ನಿಗೆ ಎರಡು ಕಡೆ ರೆಕ್ಕೆ. ಅದು ಗರುಡನ ರೆಕ್ಕೆಯೇ, ಕಿರೀಟ ಮೂಗು ಬಿಟ್ಟು ರೆಕ್ಕೆ ಮಾತ್ರ ಇಟ್ಟಿದ್ದಾರೆ. ಕೂಸು ಕೂತರೆ ಕೂಸಿಗೇ ರೆಕ್ಕೆ ಬಂದ ಹಾಗೆ ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ. ಕುರ್ಚಿಯ ಕೆಳಗೆ ಕಪ್ಪು ಬಣ್ಣದಲ್ಲಿ "ಕಿನ್ನಾಳ, ಜಿಲ್ಲಾ ರಾಯಚೂರು" ಅಂತ ಬರೆದಿರುತ್ತಾರೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಗೆ ಅದು ಅದಕ್ಕಿಂತ ಹಳೆಯದು ಅಂತ ತಿಳಿಯಿತು. ಕಾಲು, ಚೌಕಟ್ಟು ಎಲ್ಲ ಬೇವಿನದ್ದು. ಗಿಳಿ, ರೆಕ್ಕೆ, ತಲೆಹಲಗೆಯ ಉಬ್ಬು ಕೆಲಸ ಎಲ್ಲ ಪೊಳಕಿ ಮರದ್ದು, ಕೈಯಲ್ಲಿ ಹಿಡಿದರೆ ಬೆಂಡಿನಷ್ಟು ಹಗುರ.

ಸಮಸ್ಯೆ ಶುರುವಾಗುವುದೂ ಅಲ್ಲೇ. ಬೇವು ಒಂದು ರೀತಿ ಕುಗ್ಗಿ ಹಿಗ್ಗುತ್ತದೆ, ಪೊಳಕಿ ಇನ್ನೊಂದು ರೀತಿ. ಮೇಲೆ ಸೆಣಬು, ಹೊಟ್ಟು, ಅಂಟು ನಾದಿದ ಕಿಟ್ಟ, ಅದರ ಮೇಲೆ ಅರಳೆ ಬಟ್ಟೆ, ಅದರ ಮೇಲೆ ಬಿಳಿ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ, ಆಮೇಲೆ ವಾರ್ನಿಷ್. ಐವತ್ತು ಅರವತ್ತು ವರ್ಷ ಅಟ್ಟದ ಮೇಲೆ ತಗಡಿನ ಬಿಸಿ ತಿಂದರೆ ಈ ಪದರುಗಳು ಮರ ಬಿಟ್ಟು ಏಳುತ್ತವೆ. ಒಣಗಿದ ಕೆರೆಯ ಮಣ್ಣು ಮಡಚಿಕೊಳ್ಳುತ್ತದಲ್ಲ, ಹಾಗೆ. ಕೈ ತಾಗಿದರೆ ಸಾಕು, ಗಿಳಿಯ ಮುಖವೇ ನೆಲಕ್ಕೆ ಬೀಳುತ್ತದೆ.

ಇದಕ್ಕೆ ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವುದು ಒಂದೇ. ಕೆರೆದು ಹಾಕು, ಪುಟ್ಟಿ ಹೊಡಿ, ಪ್ರೈಮರ್, ಎನಾಮೆಲ್, ಮುಗಿಯಿತು. ಇನ್ನು ಕೆಲವರು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಮರವನ್ನು ಬೆತ್ತಲೆ ಮಾಡಿ "ನ್ಯಾಚುರಲ್ ಫಿನಿಶ್" ಅಂತ ಮಾರುತ್ತಾರೆ. ಅಂಥ ಒಂದು ತೊಟ್ಟಿಲು ಹುಬ್ಬಳ್ಳಿಯಲ್ಲಿ ನೋಡಿದೆ. ಗಿಳಿಯ ಕತ್ತು ನೋಡಿಯೇ ಅಜ್ಜನದ್ದು ಅಂತ ಗೊತ್ತಾಯಿತು, ಕಣ್ಣು ಇರಲಿಲ್ಲ, ಬಣ್ಣ ಇರಲಿಲ್ಲ. ಅವತ್ತು ಊಟ ಸೇರಲಿಲ್ಲ.

ನಾನೇನು ಮೊದಲಿನಿಂದ ಜಾಣನಾಗಿದ್ದೆ ಅಂತಲ್ಲ. ಮೊದಲ ತೊಟ್ಟಿಲು ಯಲಬುರ್ಗಾ ಕಡೆಯ ಒಂದು ಹಳ್ಳಿಯಿಂದ ತಂದೆ, 2017 ಇರಬೇಕು. ಆರೂವರೆ ಸಾವಿರ ಕೊಟ್ಟೆ. ಬೆಂಗಳೂರಿನ ಒಬ್ಬರು ಮೂವತ್ತು ಸಾವಿರಕ್ಕೆ ಒಪ್ಪಿ ಐದು ಸಾವಿರ ಅಡ್ವಾನ್ಸ್ ಹಾಕಿದ್ದರು. ಹೊಗೆ, ಹರಳೆಣ್ಣೆ ಸೇರಿ ಮೇಲೆ ಕರ್ರಗೆ ಜಿಡ್ಡು. ಥಿನ್ನರಿನಲ್ಲಿ ಅರಿವೆ ಅದ್ದಿ ಒರೆಸಿದೆ. ಜಿಡ್ಡು ಹೋಯಿತು. ಜೊತೆಗೆ ಬಂಗಾರವೂ ಹೋಯಿತು! ಲಾಜವರ, ಅಂದರೆ ತವರದಿಂದ ಬಂಗಾರದ ಹೊಳಪು ತರುವ ಕೆಲಸ, ಮಾಡಿದವರಿಗೆ ಈಗಲೇ ಎದೆ ಧಸಕ್ ಅಂದಿರುತ್ತದೆ. ಆ ಬಂಗಾರ ಬಂಗಾರವಲ್ಲ, ತವರ. ಮೇಲಿನ ಹಳದಿ ವಾರ್ನಿಷ್‌ನಿಂದ ಬಂಗಾರದಂತೆ ಕಾಣುತ್ತದೆ ಅಷ್ಟೇ. ಥಿನ್ನರು ಆ ವಾರ್ನಿಷ್ ಎಳೆದುಕೊಂಡು ಹೋಯಿತು, ಗಿಳಿಯ ಕೊರಳ ಸರ, ಕಮಲದ ಅಂಚು ಎಲ್ಲ ಸ್ಟೀಲ್ ಲೋಟದ ಬಣ್ಣಕ್ಕೆ ತಿರುಗಿದವು. ಬೆಂಗಳೂರಿನವರು ಫೋಟೋ ನೋಡಿ ಬೇಡ ಅಂದರು. ಅಡ್ವಾನ್ಸ್ ವಾಪಸ್ ಕೊಟ್ಟೆ. ಓಡಾಟ, ಸಾಮಾನು ಎಲ್ಲ ಸೇರಿ ಒಂದು ಹದಿನಾಲ್ಕು ಸಾವಿರ ಕೈಬಿಟ್ಟಿತು. ಆ ತೊಟ್ಟಿಲು ಇವತ್ತೂ ನನ್ನ ಹತ್ತಿರವೇ ಇದೆ. ಏನೇ ಹೊಸ ಪ್ರಯೋಗ ಇದ್ದರೂ ಮೊದಲು ಅದರ ಮೇಲೆ.

ಎರಡನೇ ಪೆಟ್ಟು ಕುರ್ಚಿಯಲ್ಲಿ. ಗಂಗಾವತಿಯ ಒಂದು ಮನೆಯವರದ್ದು, ರೆಕ್ಕೆ ಇದ್ದದ್ದೇ. ಈ ಸಲ ಒರೆಸಲಿಲ್ಲ. ಎದ್ದ ಬಣ್ಣದ ಕೆಳಗೆ ಪ್ಯಾಕೆಟ್ಟಿನ ಬಿಳಿ ಅಂಟು ತೆಳ್ಳಗೆ ಮಾಡಿ ಬಿಟ್ಟು ಒತ್ತಿ ಕೂರಿಸಿದೆ. ಅವತ್ತು ಬಹಳ ಚೆನ್ನಾಗಿ ಕೂತಿತು. ಮನೆಯವರು ನಾಲ್ಕು ಸಾವಿರ ಕೊಟ್ಟು, ಊಟ ಹಾಕಿ ಕಳಿಸಿದರು. ಏಪ್ರಿಲ್ ಬಂತು. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ವಾ, ನಲವತ್ತೊಂದು ನಲವತ್ತೆರಡು. ಆ ಅಂಟು ಒಣಗಿ ಗಟ್ಟಿ ಹಾಳೆಯಾಗಿತ್ತು. ಕೆಳಗಿನ ಹಳೆ ಲೇಪ ಅದಕ್ಕಿಂತ ಮೆತ್ತಗೆ. ಮರ ಕುಗ್ಗಿದಾಗ ಗಟ್ಟಿಯಾದದ್ದು ಗೆದ್ದಿತು, ಮೆತ್ತಗಿನದ್ದು ಹರಿಯಿತು. ಮೊದಲು ಬಣ್ಣ ಒಂದೇ ಏಳುತ್ತಿತ್ತು, ಈಗ ಬಣ್ಣ, ಬಿಳಿ ಲೇಪ, ಅರಳೆ, ಕಿಟ್ಟ ಎಲ್ಲ ಒಟ್ಟಿಗೆ ಹಪ್ಪಳದ ಹಾಗೆ ಎದ್ದು ಬಂತು. ವಾಪಸ್ ತೆಗೆಯೋಣ ಅಂದರೆ ಆ ಅಂಟು ನೀರಿಗೆ ಜಗ್ಗುವುದಿಲ್ಲ. ನಾಲ್ಕು ಸಾವಿರ ತಿರುಗಿ ಕೊಟ್ಟೆ. ಆ ಮನೆಯ ಅಜ್ಜಿ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಒಂದು ವಿಷಯ ತಲೆಯಲ್ಲಿ ಕೂತಿತು. ಅಜ್ಜ ಯಾವುದರಿಂದ ಕಟ್ಟಿದ್ದಾರೋ ಅದರಿಂದಲೇ ಹಿಡಿಸಬೇಕು. ಹೊಸದು ಹಳೆಯದಕ್ಕಿಂತ ಗಟ್ಟಿ ಇರಬಾರದು. ಬೇಕಾದರೆ ಬಿಸಿ ನೀರಲ್ಲಿ ಬಿಚ್ಚಿಕೊಳ್ಳುವ ಹಾಗೆ ಇರಬೇಕು. ಅಂದರೆ ಹುಣಸೆ ಬೀಜದ ಅಂಟು.

ಎಲ್ಲರೂ ಬೇಡ ಅಂದರು. ಹಳೆ ಸಾಮಾನಿನ ವ್ಯಾಪಾರಿಯೊಬ್ಬರು "ಜಿರಲೆಗೆ ಊಟ ಹಾಕಿದಂಗಾತು" ಅಂದರು. ನನ್ನ ಜೊತೆಗಾರ ಬಡಿಗರು ಈಗಿನ ಕಾಲಕ್ಕೆ ಅದು ನಡೆಯೋದಿಲ್ಲ, ಕೆಮಿಕಲ್ ಬಿಟ್ಟರೆ ಗತಿಯಿಲ್ಲ ಅಂದರು. ಕಿನ್ನಾಳಕ್ಕೇ ಹೋದೆ, ನಮ್ಮಿಂದ ಹನ್ನೆರಡು ಹದಿಮೂರು ಕಿಲೋಮೀಟರ್, ಬೈಕಿನಲ್ಲಿ ಅರ್ಧ ಗಂಟೆಯೂ ಬೇಡ. ಅಲ್ಲಿನ ಒಬ್ಬ ಹಿರಿಯ ಚಿತ್ರಗಾರರು ಚಹಾ ಕೊಟ್ಟು, ಎಲ್ಲ ಕೇಳಿ, "ಹೊಸಾದಕ್ಕ ಹಚ್ಚಾಕ ಬರ್ತೈತಿ ತಮ್ಮಾ, ಎದ್ದ ಬಣ್ಣದ ಬುಡಕ ಹೋಗಂಗಿಲ್ಲ ಅದು. ಅದೂ ಅಲ್ದ ನೀ ಬಡಿಗ್ಯಾ. ಕಿಟ್ಟ ನಿನ್ನ ಕೈಗೆ ಬರಂಗಿಲ್ಲ" ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಅವರ ಅಂಗಳದಲ್ಲಿ ಸುಮಾರು ಎರಡು ತಿಂಗಳು, ವಾರಕ್ಕೆ ಎರಡು ದಿನ, ಹೋಗಿ ಕೂತೆ. ಹೇಳಿಕೊಡು ಅನ್ನಲಿಲ್ಲ. ಮರ ಕಡಿಯಲು, ಸೆಣಬಿನ ಚಿಂದಿ ಪುಡಿ ಮಾಡಲು ಕೈ ಜೋಡಿಸಿದೆ. ನೋಡುತ್ತಾ ನೋಡುತ್ತಾ ಕೈಗೆ ಬಂತು.

ಕಿಟ್ಟ ಏನು ಅಂತ ಈ ಕೆಲಸದವರಿಗೆ ಹೇಳಬೇಕಿಲ್ಲ. ಸೆಣಬು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಸೇರಿಸಿ, ಹುಣಸೆ ಬೀಜದ ಅಂಟಿನಲ್ಲಿ ನಾದುವುದು. ಹದ ಮಾತ್ರ ಬರೆದು ತಿಳಿಸಲು ಆಗುವುದಿಲ್ಲ. ರೊಟ್ಟಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ, ಬೆರಳಿಗೆ ಹತ್ತಬೇಕು ಆದರೆ ಬೆರಳಲ್ಲೇ ಉಳಿಯಬಾರದು. ನನ್ನ ಮೊದಲ ಮೂರು ಸಲದ ಕಿಟ್ಟ ಹಾಳಾಯಿತು. ಒಂದು ಸಲ ಹುಳಿ ವಾಸನೆ ಬಂದು ಮನೆಯವರು ಹೊರಗೆ ಹಾಕಿಸಿದರು. ಇನ್ನೊಂದು ಸಲ ಬೂಸ್ಟು. ಮೂರನೆಯದು ಒಣಗಿದ ಮೇಲೆ ಬಿರುಕು ಬಿಟ್ಟಿತು, ಹೊಟ್ಟು ಜಾಸ್ತಿಯಾಗಿತ್ತು.

ಅಂಟಿಗೆ ಬೀಜ ಹುರಿಯಬೇಕೋ ನೆನೆಸಬೇಕೋ ಅಂತ ಒಂದೊಂದು ಮನೆಯಲ್ಲಿ ಒಂದೊಂದು ಮಾತು. ನಾನು ಎರಡೂ ಮಾಡಿ ನೋಡಿದೆ. ಹುರಿದರೆ ಕಂದು ಸಿಪ್ಪೆ ಬೇಗ ಬಿಡುತ್ತದೆ, ಆದರೆ ಅಂಟು ಸ್ವಲ್ಪ ಕೆಂಪಗಾಗುತ್ತದೆ, ಬಿಳಿ ಬಣ್ಣದ ಕೆಳಗೆ ಕಲೆ ಕಾಣುತ್ತದೆ. ನೆನೆಸಿದ್ದು ನಿಧಾನ, ಆದರೆ ತಿಳಿ. ಕಿಟ್ಟಕ್ಕೆ ಹುರಿದದ್ದು, ಬಣ್ಣದ ಕೆಳಗೆ ಬಿಡಲು ನೆನೆಸಿದ್ದು ಅಂತ ಈಗ ಮಾಡಿಕೊಂಡಿದ್ದೇನೆ. ಒಂದು ಕೆಜಿ ಬೀಜಕ್ಕೆ ಹೆಚ್ಚೆಂದರೆ ಐವತ್ತು ಅರವತ್ತು ರೂಪಾಯಿ. ಹುಣಸೆ ಹಣ್ಣು ಬಿಡಿಸುವ ಮನೆಗಳಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಅರ್ಧ ಕೆಜಿ ಬೀಜ ಒಂದು ತೊಟ್ಟಿಲಿಗೆ ಮಿಕ್ಕುತ್ತದೆ.

ಹುಳಕ್ಕೆ ಹಳಬರು ಮೈಲುತುತ್ತ ಹಾಕುತ್ತಿದ್ದರು. ಪುಸ್ತಕ ಕಟ್ಟುವವರ ಅಂಟಿಗೂ ಅದೇ. ಮಕ್ಕಳ ಸಾಮಾನಿಗೆ ನಾನು ಅದನ್ನು ಮುಟ್ಟುವುದಿಲ್ಲ, ಅದು ವಿಷ. ಅದರ ಬದಲು ಕೊನೆಗೆ ನಾನೊಂದು ಕಷಾಯ ಬೆರೆಸುತ್ತೇನೆ. ಏನು ಅಂತ ಇಲ್ಲಿ ಬರೆಯುವುದಿಲ್ಲ. ಅಡುಗೆಮನೆಯಲ್ಲಿ ಸಿಗುವುದೇ. ಅದನ್ನು ಕಂಡುಕೊಳ್ಳಲು ನನಗೆ ಎಂಟು ತಿಂಗಳು, ಹದಿನೈದು ಡಬ್ಬಿ ಅಂಟು, ಡಬ್ಬಿಗೆ ನಾಲ್ಕರಂತೆ ಜಿರಲೆ ಬೇಕಾಯಿತು. ಹಾಗಾಗಿ ಅದು ನನ್ನ ಹತ್ತಿರವೇ ಇರಲಿ.

ಈಗ ಮುಖ್ಯ ಮಾತು. ಎದ್ದ ಬಣ್ಣದ ಕೆಳಗೆ ಅಂಟು ಹೋಗುವುದಿಲ್ಲ ಅಂದರಲ್ಲ, ಆ ಹಿರಿಯರು ಹೇಳಿದ್ದು ಸುಳ್ಳಲ್ಲ. ಗಂಜಿಯಂತಿರುವ ಅಂಟು ಹೋಗುವುದೇ ಇಲ್ಲ. ತೆಳ್ಳಗೆ ಮಾಡಿ ಸಿರಿಂಜಿನಲ್ಲಿ ಬಿಟ್ಟೆ. ಇನ್ಸುಲಿನ್ ಸೂಜಿ ಎರಡೇ ಹನಿಗೆ ಕಟ್ಟಿಕೊಂಡಿತು. ಹಳೆ ಪಂಚೆಯಲ್ಲಿ ಮೂರು ಸಲ ಸೋಸಿ, ಸ್ವಲ್ಪ ದಪ್ಪ ಸೂಜಿ ತಂದೆ. ಅಂಟು ಸೂಜಿಯಿಂದ ಬಂತು, ಆದರೆ ಎಣ್ಣೆ ಜಿಡ್ಡಿನ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತಿತು, ಒಳಗೆ ಹರಿಯಲಿಲ್ಲ. ಇಲ್ಲಿ ನಾನು ಮೂರ್ನಾಲ್ಕು ತಿಂಗಳು ಸಿಕ್ಕಿಕೊಂಡೆ. ಕೊನೆಗೆ ಅಂಟಿನ ಮೊದಲು ಒಂದು ಹನಿ ಸ್ಪಿರಿಟ್ಟು ಮತ್ತು ನೀರು ಬೆರೆಸಿ ಬಿಟ್ಟು ನೋಡಿದೆ. ಅದು ಸರ್ರನೆ ಒಳಗೆ ಓಡಿತು. ಅದರ ಹಿಂದೆಯೇ ಅಂಟು ಬಿಟ್ಟರೆ ಅಂಟೂ ಓಡಿತು! ಅಷ್ಟೇ ನೋಡಿ. ಸ್ಪಿರಿಟ್ಟು ಜಾಸ್ತಿಯಾದರೆ ವಾರ್ನಿಷ್ ಕರಗುತ್ತದೆ, ಕಮ್ಮಿಯಾದರೆ ಅಂಟು ನಿಲ್ಲುತ್ತದೆ. ಅಳತೆ ನಿಮ್ಮ ಸಾಮಾನಿನ ವಾರ್ನಿಷ್ ಮೇಲೆ ಹೋಗುತ್ತದೆ, ಕೆಳಗಡೆ ಕಾಣದ ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ.

ಆಮೇಲೆ ಒತ್ತುವುದು. ಬೆರಳಿನಿಂದ ಒತ್ತಿದರೆ ಚಕ್ಕೆ ಮುರಿಯುತ್ತದೆ. ಅಂಟು ಬಿಟ್ಟು ಐದಾರು ನಿಮಿಷ ಬಿಡಬೇಕು, ಚಕ್ಕೆ ತಾನೇ ಮೆತ್ತಗಾಗುತ್ತದೆ. ಆಮೇಲೆ ಮೇಲೆ ತೆಳು ಕಾಗದ ಇಟ್ಟು, ಸ್ಟೀಲ್ ಚಮಚ ಬಿಸಿ ನೀರಲ್ಲಿ ಅದ್ದಿ ಒರೆಸಿ, ಅದರ ಬೆನ್ನಿನಿಂದ ಮೆಲ್ಲಗೆ ಒತ್ತಬೇಕು. ಮೇಲೆ ಹೊಳೆ ಮರಳಿನ ಸಣ್ಣ ಚೀಲ. ನನ್ನ ಹತ್ತಿರ ನಲವತ್ತು ಇಂಥ ಚೀಲಗಳಿವೆ, ಮನೆಯವರೇ ಹೊಲಿದುಕೊಟ್ಟದ್ದು. ಕಾಗದದ್ದೂ ಒಂದು ಕಥೆ. ತೆಳ್ಳಗಿದೆ ಅಂತ ಗಾಳಿಪಟದ ಕಾಗದ ಬಳಸಿದೆ. ಕೆಂಪು ಬಿಟ್ಟುಕೊಂಡು ಹಳದಿ ನವಿಲಿನ ಎದೆಗೆ ಹತ್ತಿತು. ಅದನ್ನು ತೆಗೆಯಲು ಮೂರು ದಿನ ಬೇಕಾಯಿತು, ಬಿಳಿ ಕಾಗದ ತರಲು ಹತ್ತು ರೂಪಾಯಿ ಸಾಕಿತ್ತು. ಇನ್ನೊಂದು ಮಾತು, ವಾರ್ನಿಷ್ ಸವೆದ ಕಡೆ ಕೆಳಗಿನ ಬಣ್ಣ ಗೋಂದಿನದ್ದು, ನೀರು ತಾಗಿದರೆ ಎದ್ದು ಬರುತ್ತದೆ. ಅಲ್ಲಿ ಒದ್ದೆ ಕಾಗದ ಇಡಲೇಬೇಡಿ.

ಒಂದು ದಿನಕ್ಕೆ ಅಂಗೈ ಅಗಲದ ಜಾಗ ಆದರೆ ಆಯಿತು. ಒಂದು ತೊಟ್ಟಿಲಿಗೆ ನನಗೆ ಐವತ್ತೈದು ಅರವತ್ತು ದಿನ ಹಿಡಿಯಿತು. ಆತುರದವರಿಗೆ ಈ ಕೆಲಸ ಬೇಡ.

ಜಿಡ್ಡು ತೆಗೆಯಲು ಈಗ ಥಿನ್ನರ್ ಮುಟ್ಟುವುದಿಲ್ಲ. ಉಗುಳು. ನಿಜವಾಗಿಯೂ. ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಉರುಳಿಸುವುದು, ಒಮ್ಮೆ ಮುಟ್ಟಿಸಿದ ಕಡ್ಡಿಯನ್ನು ಮತ್ತೆ ಬಾಯಿಗಿಡದೆ ಎಸೆಯುವುದು, ಆಮೇಲೆ ಬರಿ ನೀರಿನ ಹತ್ತಿಯಿಂದ ಒರೆಸುವುದು. ದೊಡ್ಡ ಮ್ಯೂಸಿಯಂಗಳಲ್ಲೂ ಹೀಗೇ ಮಾಡುತ್ತಾರೆ, ಉಗುಳಿನಲ್ಲಿರುವ ರಸ ಜಿಡ್ಡನ್ನು ಬಿಡಿಸುತ್ತದೆ. ಕೆಲಸದ ದಿನ ಎಲೆ ಅಡಿಕೆ ಹಾಕುವ ಹಾಗಿಲ್ಲ ಅಷ್ಟೇ.

ಮರದೊಳಗಿನ ಹುಳದ್ದು ಬೇರೆ ಗೋಳು. ಪೊಳಕಿ ಮೆತ್ತನೆ ಮರ, ಕೊರೆಯುವ ಹುಳಕ್ಕೆ ಬಹಳ ಇಷ್ಟ. ಕರಿ ತಾಡಪತ್ರಿಯಲ್ಲಿ ಸುತ್ತಿ ಮೇ ತಿಂಗಳ ಬಿಸಿಲಲ್ಲಿ ಇಟ್ಟೆ. ಹುಳ ಸತ್ತಿತು, ಆದರೆ ಒಂದು ಮಣೆಯ ಬಣ್ಣ ಗುಳ್ಳೆ ಎದ್ದಿತು. ಆಮೇಲೆ ಐಸ್‌ಕ್ರೀಂ ವ್ಯಾಪಾರ ಮಾಡುವ ಗೆಳೆಯನ ಡೀಪ್ ಫ್ರೀಜರ್. ಮಳೆಗಾಲದಲ್ಲಿ ಅದು ಖಾಲಿ ಇರುತ್ತದೆ. ಎರಡು ಪ್ಲಾಸ್ಟಿಕ್ಕಿನಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೈನಸ್ ಹದಿನೆಂಟರಲ್ಲಿ ಎರಡು ವಾರ. ತೆಗೆದ ಮೇಲೂ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬಾರದು, ಬಿಚ್ಚಿದರೆ ಬೆವರು ಕೂರುತ್ತದೆ. ಗಿಳಿ, ರೆಕ್ಕೆ, ಕುರ್ಚಿ ಎಲ್ಲ ಹಿಡಿಯುತ್ತವೆ, ತೊಟ್ಟಿಲು ಹಿಡಿಯುವುದಿಲ್ಲ, ಬಿಡಿ ಭಾಗ ಮಾಡಿ ಇಡಬೇಕು. ಗೆಳೆಯನಿಗೆ ಕರೆಂಟಿಗೆ ಅಂತ ಸಾವಿರದ ಐನೂರು ಕೊಟ್ಟೆ. ಆಮೇಲೆ ಹುಳ ಕೊರೆದ ಪುಡಿ ಇವತ್ತಿಗೂ ಬಿದ್ದಿಲ್ಲ.

ಲಾಜವರ ಮತ್ತೆ ಮಾಡುವುದಕ್ಕೆ ತವರ ಬೇಕು. ಅಂಗಡಿಯಲ್ಲಿ ಕೇಳಿದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಕೊಡುತ್ತಾರೆ. ಅದನ್ನೂ ಹಾಕಿ ನೋಡಿದೆ, ಅರೆಯಲು ಬರುವುದಿಲ್ಲ, ಬೂದು ಬಣ್ಣ. ಕೊನೆಗೆ ಹೊಳೆದದ್ದು ಕಲಾಯಿಯವರು! ಹಿತ್ತಾಳೆ ಪಾತ್ರೆಗೆ ಹಚ್ಚುವುದು ತವರವೇ ಅಲ್ವಾ? ಈಗ ಕಲಾಯಿಯವರು ಸಿಗುವುದೇ ಕಷ್ಟ, ಹುಲಿಗೆಮ್ಮನ ಜಾತ್ರೆಯಲ್ಲಿ ಒಬ್ಬರು ಸಿಕ್ಕರು. ಇನ್ನೂರು ಗ್ರಾಂ ತುಂಡಿಗೆ ಎಂಟುನೂರು ರೂಪಾಯಿ ತಗೊಂಡರು. ದುಬಾರಿಯೇ, ಆದರೆ ಒಂದು ತೊಟ್ಟಿಲಿಗೆ ಹತ್ತು ಗ್ರಾಂ ಕೂಡ ಹೋಗುವುದಿಲ್ಲ. ಕುಟ್ಟಿ ಕುಟ್ಟಿ ಹಾಳೆ ಮಾಡಿ, ಅಂಟಿನಲ್ಲಿ ಅರೆದು, ಹಚ್ಚಿ, ಒಣಗಿದ ಮೇಲೆ ನುಣ್ಣನೆ ಕಲ್ಲಿನಿಂದ ಉಜ್ಜಿದಾಗ ಮಂಕು ಬೂದಿಯಿಂದ ಹೊಳಪು ಏಳುತ್ತದಲ್ಲ, ಆ ಗಳಿಗೆಗೆ ನಾನು ಮನೆಯವರನ್ನೆಲ್ಲ ಕರೆಯುತ್ತೇನೆ. ಮೇಲಿನ ಹಳದಿ ವಾರ್ನಿಷ್ ನನಗೆ ಆ ಹಿರಿಯರೇ ಹೇಳಿಕೊಟ್ಟದ್ದು, ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಒಂದು ವಿಷಯ ಮಾತ್ರ ಯಾರಿಂದಲೂ ಮುಚ್ಚಿಡಬಾರದು. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಸಿಂಧೂರ ಅಂದರೆ ಸೀಸವೇ, ಹರಿತಾಳ ಅಂದರೆ ಪಾಷಾಣ. ಮೇಲೆ ಎನಾಮೆಲ್ ಹೊಡೆದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಬೇಕು. ನಮ್ಮ ದೇಶದಲ್ಲಿ ಮನೆಯ ಬಣ್ಣಕ್ಕೆ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅನ್ನುವ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯದು ಏನಿದ್ದರೂ ನಂಬಬೇಡಿ. ಒಣ ಸಾಣೆ ಕಾಗದ ತಿಕ್ಕಬೇಡಿ, ಧೂಳು ನಿಮ್ಮ ಎದೆಗೂ ನಿಮ್ಮ ಮಕ್ಕಳಿಗೂ ಹೋಗುತ್ತದೆ. ಉಜ್ಜಿ ನೋಡುವ ಕಡ್ಡಿ ಆನ್‌ಲೈನಿನಲ್ಲಿ ಸಿಗುತ್ತದೆ, ಸೀಸ ಇದ್ದರೆ ಕೆಂಪಗಾಗುತ್ತದೆ. ನನ್ನ ಏಳು ಸಾಮಾನಿನಲ್ಲಿ ಮೂರಕ್ಕೆ ಕೆಂಪು ಬಂತು. ಅಂಥವನ್ನು ಉಗುಳಿನಲ್ಲಿ ಶುಚಿ ಮಾಡುವುದೂ ಬೇಡ, ನೀರಿನ ಹತ್ತಿ, ಕೈಗವಸು ಅಷ್ಟೇ. ಜೊತೆಗೆ ಹಳೆ ತೊಟ್ಟಿಲಿನ ಪಟ್ಟಿಗಳ ಸಂದು ಬಹಳ ಅಗಲ. ಈಗಿನ ಲೆಕ್ಕಕ್ಕೆ 6 ಸೆಂಟಿಮೀಟರ್ ದಾಟಬಾರದು, ಅಜ್ಜನ ತೊಟ್ಟಿಲಲ್ಲಿ ಸುಮಾರು ಹತ್ತು ಇದೆ. ಹಾಗಾಗಿ ನಾನು ಗಿರಾಕಿಗೆ ನೇರ ಹೇಳುತ್ತೇನೆ. ಹೆಸರಿಡುವ ದಿನ ದಪ್ಪ ಕೌದಿ ಹಾಸಿ, ಹತ್ತು ನಿಮಿಷ, ಎದುರಲ್ಲೇ ನಿಂತು ತೂಗಿ. ರಾತ್ರಿ ಮಲಗಿಸಲು ಹೊಸದು ಮಾಡಿಸಿಕೊಳ್ಳಿ. ಇದರಿಂದ ಎರಡು ಗಿರಾಕಿ ಹೋದರು. ಹೋಗಲಿ.

ಈ ಹೊಸದು ಮಾಡುವ ದಾರಿಯಲ್ಲಿ ನಾನು ಸ್ವಲ್ಪ ಅಡ್ಡದಾರಿಗೂ ಹೋದೆ. ರೆಕ್ಕೆ ಕುರ್ಚಿಯನ್ನೇ ನೋಡಿಕೊಂಡು ಹೊಸ ಕುರ್ಚಿ ಮಾಡಿದೆ. ಕಾವಿ, ಹಳದಿ ಮಣ್ಣು, ದೀಪದ ಮಸಿ, ನೀಲಿ, ಇಷ್ಟೇ ಬಣ್ಣ. ಜಾಲಿ ಅಂಟಿನಲ್ಲಿ ಕಲಸಿದ್ದು, ಆ ಅಂಟು ನಮ್ಮ ಹೊಲದ ಬದುವಿನಲ್ಲೇ ಸಿಗುತ್ತದೆ. ಮೇಲೆ ಏನು ಹಚ್ಚುವುದು? ಚನ್ನಪಟ್ಟಣದವರ ಅರಗು ನೋಡಿದೆ, ಅದು ತಿರುಗುವ ಲೇತಿನ ಮೇಲೆ ಬಿಸಿಗೆ ಹಿಡಿಯುವಂಥದ್ದು, ಚಪ್ಪಟೆ ಹಲಗೆಗೆ ಬರುವುದಿಲ್ಲ. ಕಲಘಟಗಿ ಬಣ್ಣದ ತೊಟ್ಟಿಲಿನವರು ಅರಗನ್ನೇ ಹಲಗೆಯ ಮೇಲೆ ಎಷ್ಟು ಚೆಂದ ಎಳೆಯುತ್ತಾರೆ, ಆ ಕೈ ನನಗಿಲ್ಲ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದೆ, ಕನ್ನಡಿಯಂತೆ ಬಂತು. ನನ್ನ ತಂಗಿಯ ಮಗು ಕೂತು ಉಚ್ಚೆ ಹೊಯ್ಯಿತು, ಮರುದಿನ ಕೂರುವ ಜಾಗ ಪೂರ್ತಿ ಬೆಳ್ಳಗೆ. ಉಚ್ಚೆ ನಿಂತರೆ ಅದರ ಕ್ಷಾರಕ್ಕೆ ಅರಗು ಕರಗುತ್ತದೆ. ಈಗ ಕೂರುವ ಹಲಗೆಗೆ ಬರಿ ಅಗಸಿ ಎಣ್ಣೆ. ಬಣ್ಣದಂಗಡಿಯ ಬೇಯಿಸಿದ ಎಣ್ಣೆಯಲ್ಲಿ ಬೇಗ ಒಣಗಲಿ ಅಂತ ಲೋಹದ ಉಪ್ಪು ಬೆರೆಸಿರುತ್ತಾರೆ, ಅದು ಬೇಡ. ಗಾಣದ ಎಣ್ಣೆ, ತೆಳ್ಳಗೆ, ನಾಲ್ಕು ಸಲ, ಪ್ರತಿ ಸಲಕ್ಕೂ ಹತ್ತು ದಿನ ಬಿಸಿಲು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನನ್ನ ಶೆಡ್ಡಿನಲ್ಲಿ ಹೊಗೆ ಎದ್ದಾಗ ಅದೃಷ್ಟಕ್ಕೆ ನಾನು ಅಲ್ಲೇ ಇದ್ದೆ.

ದುಡ್ಡಿನ ಲೆಕ್ಕ. ಕಲಿಯುವುದಕ್ಕೆ ಅಂತ ಕೈಯಿಂದ ಹೋದದ್ದು ಸುಮಾರು ಎಪ್ಪತ್ತು ಸಾವಿರ, ನಾಲ್ಕು ವರ್ಷದಲ್ಲಿ. ಗಂಗಾವತಿಯ ಕುರ್ಚಿಯನ್ನು ಮತ್ತೆ ತಂದು, ಪುಕ್ಕಟೆ, ಐದು ತಿಂಗಳು ಕೂತು ಸರಿ ಮಾಡಿಕೊಟ್ಟೆ. ಎದ್ದುಬಂದ ಹಪ್ಪಳಗಳನ್ನು ಆ ಅಜ್ಜಿ ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದರು, ಅದರಿಂದ ಆಯಿತು. ಮೇಲೆ ಹೇಳಿದ ಗಿಳಿಗಳ ತೊಟ್ಟಿಲು ಕುಕನೂರಿನ ಒಂದು ಮನೆಯದ್ದು, ಅದಕ್ಕೆ ಇಪ್ಪತ್ತೆರಡು ಸಾವಿರ ತಗೊಂಡೆ. ಸಾಮಾನಿನ ಖರ್ಚು ಎರಡು ಸಾವಿರವೂ ಆಗಲಿಲ್ಲ, ಉಳಿದದ್ದೆಲ್ಲ ದಿನಗೂಲಿ. ಲೆಕ್ಕ ಹಾಕಿದರೆ ದಿನಕ್ಕೆ ನಾನೂರೂ ಬೀಳುವುದಿಲ್ಲ, ಕಿಟಕಿ ಚೌಕಟ್ಟು ಮಾಡಿದರೆ ಎಂಟುನೂರು ಸಿಗುತ್ತದೆ. ಗೊತ್ತಿದ್ದೇ ಮಾಡುತ್ತಿದ್ದೇನೆ. ಇಂಥ ಕೆಲಸ ನಮ್ಮ ಕಡೆ ಇನ್ನೊಬ್ಬರು ಮಾಡುವುದನ್ನು ನಾನಂತೂ ನೋಡಿಲ್ಲ.

ಕಿನ್ನಾಳದ ಆ ಹಿರಿಯರನ್ನು ಹೋದ ದೀಪಾವಳಿಯ ನಂತರ ಕುಕನೂರಿಗೆ ಕರೆದುಕೊಂಡು ಹೋಗಿದ್ದೆ. ಕನ್ನಡಕ ಹಾಕಿಕೊಂಡು ಒಂದೊಂದು ಗಿಳಿಯನ್ನೂ ನೋಡಿದರು. ಉಗುರಿನಿಂದ ಅಂಚು ಕೆದಕಿದರು, ನನಗೆ ಜೀವ ಹೋದಂಗಾಯಿತು. ಏಳಲಿಲ್ಲ. "ಯಾವುದು ನೀ ಹಚ್ಚಿದ್ದು, ಯಾವುದು ಅವಂದು?" ಅಂತ ಕೇಳಿದರು. ತೋರಿಸಿದೆ. ಎರಡು ಕಡೆ ನಾನೇ ತಡವರಿಸಿದೆ. ಬರುವಾಗ ಬೈಕಿನ ಮೇಲೆ ಹಿಂದೆ ಕೂತು, ಹಳದಿ ವಾರ್ನಿಷ್ ಹೆಂಗೆ ಕಾಸಬೇಕು ಅಂತ ತಾವಾಗಿಯೇ ಹೇಳತೊಡಗಿದರು.

ಈಗ ಮೇಜಿನ ಮೇಲೆ ಅಜ್ಜನ ನಡೆಗಾಡಿ ಇದೆ. ಮೂರು ಗಾಲಿಯಲ್ಲಿ ಒಂದು ಕಳೆದುಹೋಗಿದೆ. ಬೇವಿನಲ್ಲಿ ಹೊಸ ಗಾಲಿ ಮಾಡಿ, ಕಿಟ್ಟ ಹಚ್ಚಿ ನೆರಳಲ್ಲಿ ಒಣಗಲು ಇಟ್ಟಿದ್ದೇನೆ. ಮಿಕ್ಕ ಎರಡು ಗಾಲಿಗಳ ಒಳಗೆ ಅಜ್ಜ ಸಣ್ಣ ಟೊಳ್ಳು ಕೊರೆದು ಕಲ್ಲು ಹಾಕಿದ್ದಾರೆ, ಉರುಳಿದರೆ ಗಲಗಲ ಅನ್ನುತ್ತದೆ. ಮಗು ಆ ಸದ್ದಿನ ಹಿಂದೆ ಹೆಜ್ಜೆ ಹಾಕಲಿ ಅಂತ. ಹಿರೇಹಳ್ಳದ ದಂಡೆಯಿಂದ ಏಳೆಂಟು ಬಗೆಯ ಕಲ್ಲು ತಂದು ಹಾಕಿ ನೋಡಿದೆ, ಒಂದೂ ಆ ಸದ್ದಿಗೆ ಕೂಡುತ್ತಿಲ್ಲ, ಸ್ವಲ್ಪ ಮಂದ. ಮುನಿರಾಬಾದಿನ ಕಡೆ ಹೊಳೆ ದಂಡೆಯಲ್ಲಿ ಇನ್ನೂ ಗಟ್ಟಿ ಬಿಳಿ ಕಲ್ಲು ಸಿಗುತ್ತವೆ ಅಂದಿದ್ದಾರೆ. ನಾಳೆ ಬೆಳಗ್ಗೆ ಹೋಗುತ್ತೇನೆ, ಗವಿಮಠದ ಜಾತ್ರೆಯೊಳಗೆ ಕೊಡಬೇಕು, ಆ ಮನೆಯ ಕೂಸು ಈಗಾಗಲೇ ಗೋಡೆ ಹಿಡಿದು ನಿಲ್ಲುತ್ತಿದೆಯಂತೆ.